ಮನೆಯ ವೈರಿಂಗ್ ಕೆಟ್ಟರೆ ಯಾರನ್ನು ಕೇಳಬೇಕು? ಲೈನ್‌ಮ್ಯಾನ್, ಎಲೆಕ್ಟ್ರಿಷಿಯನ್, ಅಂಗಡಿ, ಯೂಟ್ಯೂಬ್: ಒಂದು ಹೋಲಿಕೆ

ಗೀಸರ್ ಹಾಕಿದರೆ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗಿ ಆಫ್ ಆಗುವ ಸ್ವಿಚ್) ಬೀಳುತ್ತಿದೆ ಎಂದು ನಾಲ್ಕು ಜನರ ಹತ್ತಿರ ಹೇಳಿ ನೋಡಿ, ನಾಲ್ಕು ಉತ್ತರ ಸಿಗುತ್ತದೆ. ಪಕ್ಕದ ಮನೆಯವರು ಗೀಸರಿನ ಕಾಯಿಲ್ ಹೋಗಿದೆ ಅನ್ನುತ್ತಾರೆ. ಅಂಗಡಿಯವರು ಎಂಸಿಬಿ ಹಳೇದಾಗಿದೆ, ಬದಲಾಯಿಸಿ ಅನ್ನುತ್ತಾರೆ. ಎಲ್ಲಾ ವೋಲ್ಟೇಜ್ ತೊಂದರೆ ಅನ್ನುವವರು ಒಬ್ಬರು ಇದ್ದೇ ಇರುತ್ತಾರೆ. ನಾಲ್ಕನೆಯವರು ನೆಂಟರು: "16 ತೆಗೆದು 32ರದ್ದು ಹಾಕ್ಸಿ, ಆಮೇಲೆ ಬೀಳೋದೇ ಇಲ್ಲ."

ನೆಂಟರ ಮಾತು ಸುಳ್ಳಲ್ಲ. 32ರದ್ದು ಹಾಕಿಸಿದರೆ ನಿಜಕ್ಕೂ ಬೀಳುವುದಿಲ್ಲ. ಅಪಾಯ ಇರುವುದೂ ಅಲ್ಲೇ. ಎಂಸಿಬಿ ಇರುವುದು ಗೋಡೆಯೊಳಗಿನ ವೈರನ್ನು ಕಾಯಲು. 2.5 ಸ್ಕ್ವೇರ್ ಎಂಎಂ ತಾಮ್ರದ ವೈರಿಗೆ ಸಾಮಾನ್ಯವಾಗಿ 16 ಅಥವಾ 20 ಆಂಪಿಯರ್ ಎಂಸಿಬಿ ಹಾಕುತ್ತಾರೆ. ಅಲ್ಲಿ 32 ಕೂರಿಸಿದರೆ ವೈರ್ ಕಾದು ಇನ್ಸುಲೇಷನ್ ಮೆತ್ತಗಾಗುವವರೆಗೂ ಎಂಸಿಬಿ ಸುಮ್ನೆ ಇರುತ್ತದೆ. ಕೆಟ್ಟ ಸಲಹೆ ಎಷ್ಟೋ ಸಲ ಹೀಗೇ ಇರುತ್ತದೆ. ತೊಂದರೆ ಕಾಣದ ಹಾಗೆ ಮಾಡುತ್ತದೆ, ಹೋಗಲಾಡಿಸುವುದಿಲ್ಲ.

ಹಾಗಾದರೆ ಯಾರ ಮಾತು ಕೇಳೋದು? ನನ್ನ ಲೆಕ್ಕದಲ್ಲಿ ಸಲಹೆ ಕೊಡುವವರು ಮೂರು ಬಗೆ. ಕೇಳಿ ಹೇಳುವವರು, ನೋಡಿ ಹೇಳುವವರು, ಅಳೆದು ಹೇಳುವವರು. ಕೆಲವು ಪ್ರಶ್ನೆಗೆ ಕೇಳಿ ಹೇಳುವವರೇ ಸಾಕು. ಕೆಲವಕ್ಕೆ ಅಳೆಯದೆ ಯಾರು ಏನು ಹೇಳಿದರೂ ಅದು ಊಹೆ. ಇದರ ಜೊತೆ ಇನ್ನೊಂದನ್ನೂ ನೋಡಬೇಕು. ಆ ಸಲಹೆಯಿಂದ ಅವರಿಗೇನಾದರೂ ಮಾರಾಟವಾಗುತ್ತದಾ?

ಮೊದಲು ಮೀಟರಿನ ಯಾವ ಕಡೆ ಅಂತ ನೋಡಿ

ತೊಂದರೆ ಮೀಟರಿನಿಂದ ಆಚೆ ಇದ್ದರೆ ಅದು ವಿದ್ಯುತ್ ಕಂಪನಿಯ ಕೆಲಸ. ಒಳಗಿದ್ದರೆ ಮನೆಯವರದು. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಸೆಸ್ಕ್, ಯಾವುದಾದರೂ ಸರಿ, ಸಹಾಯವಾಣಿ 1912. ಕರೆ ಮಾಡುವ ಮೊದಲು ಬಿಲ್ ಕೈಯಲ್ಲಿರಲಿ. ಆರ್.ಆರ್. ನಂಬರ್ ಕೇಳಿಯೇ ಕೇಳುತ್ತಾರೆ.

ಹೊರಗಿನದೋ ಒಳಗಿನದೋ ಎಂದು ತಿಳಿಯುವುದು ಕಷ್ಟವಲ್ಲ. ಪಕ್ಕದ ಮನೆಗಳಲ್ಲೂ ಕರೆಂಟ್ ಇಲ್ಲ ಅಂದರೆ ಹೊರಗಿನದು. ನಿಮ್ಮದೊಂದೇ ಮನೆ ಕತ್ತಲು, ಒಳಗೆ ಯಾವ ಎಂಸಿಬಿಯೂ ಬಿದ್ದಿಲ್ಲ ಅಂದರೆ ಕಂಬದಿಂದ ಬರುವ ಸರ್ವಿಸ್ ವೈರ್, ಮೀಟರಿನ ಪಕ್ಕದ ಫ್ಯೂಸ್ (ಕಟ್ ಔಟ್) ಅಥವಾ ಮೀಟರಿನ ಹತ್ತಿರ ಏನೋ ಆಗಿದೆ. ಆಗಲೂ 1912. ಮೀಟರಿನ ಸೀಲ್ ಮಾತ್ರ ಯಾರೂ ಮುಟ್ಟಬಾರದು, ಎಷ್ಟೇ ಗುರುತಿನ ಎಲೆಕ್ಟ್ರಿಷಿಯನ್ ಆದರೂ. ಮೀಟರ್ ತಿರುಚುವುದು 2003ರ ವಿದ್ಯುತ್ ಕಾಯ್ದೆಯ 135ನೇ ಸೆಕ್ಷನ್‌ನಲ್ಲಿ ಕಳ್ಳತನ. ಕೇಸ್ ಬೀಳುವುದು ಮನೆಯವರ ಮೇಲೆ.

ಒಂದು ಲಕ್ಷಣ ಮಾತ್ರ ಎಲ್ಲರಿಗೂ ಗೊತ್ತಿರಬೇಕು. ಇದ್ದಕ್ಕಿದ್ದಂತೆ ಬಲ್ಬುಗಳು ವಿಪರೀತ ಪ್ರಕಾಶವಾಗಿ ಉರಿಯುತ್ತವೆ, ಅಥವಾ ಒಂದು ರೂಮಿನಲ್ಲಿ ಜಾಸ್ತಿ, ಇನ್ನೊಂದರಲ್ಲಿ ಮಂಕು. ಫ್ಯಾನ್ ಸದ್ದು ಮಾಡಿಕೊಂಡು ಜೋರಾಗಿ ತಿರುಗುತ್ತದೆ. ಇದು ಕಂಬದಲ್ಲೋ ತ್ರೀ ಫೇಸ್ ಮನೆಯಲ್ಲೋ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ವೈರ್) ಕಡಿದುಹೋದ ಲಕ್ಷಣ. 230 ವೋಲ್ಟ್ ಬರಬೇಕಾದ ಕಡೆ 300ಕ್ಕೂ ಮೇಲೆ ಹೋಗಬಹುದು. ಆಗ ಯಾರ ಸಲಹೆಯೂ ಬೇಡ. ಮೊದಲು ಮೇನ್ ಆಫ್ ಮಾಡಿ, ಆಮೇಲೆ ಫೋನ್. ಒಂದೇ ಬೀದಿಯಲ್ಲಿ ನಾಲ್ಕೈದು ಮನೆಯ ಟಿವಿ, ಫ್ರಿಜ್ ಒಟ್ಟಿಗೆ ಸುಟ್ಟಿತು ಎಂಬ ಸುದ್ದಿ ಬರುತ್ತದಲ್ಲ, ಎಷ್ಟೋ ಸಲ ಅದರ ಹಿಂದೆ ಇರುವುದು ಇದೇ.

ಲೈನ್‌ಮ್ಯಾನ್ ಪರಿಚಯದವರಾದರೆ ಮನೆಯೊಳಗಿನದನ್ನೂ ಅವರಿಗೇ ತೋರಿಸುವ ರೂಢಿ ನಮ್ಮಲ್ಲಿದೆ. ಹಳ್ಳಿ ಕಡೆ ಇನ್ನೂ ಜಾಸ್ತಿ. ಅವರು ಬೀದಿಯ ಲೈನು, ಟ್ರಾನ್ಸ್‌ಫಾರ್ಮರ್, ಯಾವ ಫೇಸಿನ ಮೇಲೆ ಎಷ್ಟು ಲೋಡ್ ಇದೆ ಎಂಬುದನ್ನು ಚೆನ್ನಾಗಿ ಬಲ್ಲರು. ಸಂಜೆ ಹೊತ್ತು ವೋಲ್ಟೇಜ್ ಕುಸಿಯುತ್ತಿದ್ದರೆ ಅವರನ್ನು ಕೇಳುವುದೇ ಸರಿ. ಆದರೆ ನಿಮ್ಮ ಗೋಡೆಯೊಳಗೆ ಪೈಪು ಎಲ್ಲಿ ಹೋಗಿದೆ ಎಂಬುದು ಅವರಿಗೂ ಗೊತ್ತಿರುವುದಿಲ್ಲ, ಅದು ಅವರ ಕೆಲಸವೂ ಅಲ್ಲ. ಎಸಿ ಹಾಕಿಸುತ್ತೀರಿ, ಎಲೆಕ್ಟ್ರಿಕ್ ಕಾರಿಗೆ ಚಾರ್ಜಿಂಗ್ ಪಾಯಿಂಟ್ ಬೇಕು ಅಂದರೆ ನಿಮ್ಮ ಮನೆಗೆ ಮಂಜೂರಾದ ಲೋಡ್ ಸಾಕಾಗುತ್ತದಾ ಎಂದು ವಿದ್ಯುತ್ ಕಂಪನಿಯ ಉಪವಿಭಾಗದ ಕಚೇರಿಯಲ್ಲಿ ಕೇಳಿ. ಅದಕ್ಕೆ ಉತ್ತರ ಇರುವುದು ಅಲ್ಲೇ.

ನೀವೇ ಮಾಡಬಹುದಾದದ್ದು ಎಷ್ಟು

ಇಲ್ಲಿ ಕಾನೂನು ಸಾಕಷ್ಟು ಸ್ಪಷ್ಟವಾಗಿದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು 2010ರಲ್ಲಿ ಬಂದವು, 2023ರಲ್ಲಿ ಹೊಸದಾದವು. ಅವುಗಳ ಪ್ರಕಾರ ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು, ಮನೆಬಳಕೆಯ ಉಪಕರಣ, ಇಂಥವನ್ನು ಇದ್ದ ಜಾಗದಲ್ಲೇ ಇದ್ದ ಹಾಗೇ ಬದಲಾಯಿಸಬಹುದು. ಲೈನಿನ ಸಾಮರ್ಥ್ಯವೋ ಸ್ವರೂಪವೋ ಬದಲಾಗುವ ಕೆಲಸವಾದರೆ ಲೈಸೆನ್ಸ್ ಇರುವ ಕಾಂಟ್ರಾಕ್ಟರ್ ಮೂಲಕವೇ ಆಗಬೇಕು.

ಸಲಹೆ ಕೇಳುವುದಕ್ಕೂ ಇದೇ ಗೆರೆ ಸಾಕು. ಗೆರೆಯ ಈಚೆ ಇರುವುದಕ್ಕೆ ವಿಡಿಯೊ ನೋಡಿ, ಅಂಗಡಿಯವರನ್ನು ಕೇಳಿ, ಪಕ್ಕದ ಮನೆಯವರನ್ನೂ ಕೇಳಿ. ಆಚೆ ಇರುವುದಕ್ಕೆ ಬೇಡ. 6 ಆಂಪಿಯರ್ ಸಾಕೆಟ್ ಕೆಟ್ಟಿದೆ, ಅದೇ ತರಹದ್ದು ಹಾಕುವುದು ಬದಲಾವಣೆ. ಅದೇ ಜಾಗದಲ್ಲಿ 16 ಆಂಪಿಯರಿನದು ಕೂರಿಸಿ ಗೀಸರ್ ಹಚ್ಚುವುದು ಸ್ವರೂಪವನ್ನೇ ಬದಲಾಯಿಸಿದ ಹಾಗೆ. ಸಾಕೆಟ್ ದೊಡ್ಡದಾಯಿತು, ಹಿಂದಿನ ವೈರ್ ದೊಡ್ಡದಾಗಲಿಲ್ಲ ಅಲ್ವಾ?

ಕೈ ಹಾಕುವುದಾದರೆ ಒಂದು ಎಚ್ಚರ. ಮನೆಯಲ್ಲಿ ಯುಪಿಎಸ್ ಇದ್ದರೆ ಮೇನ್ ಆಫ್ ಮಾಡಿದರೂ ಲೈಟು ಫ್ಯಾನಿನ ಲೈನಿನಲ್ಲಿ ಕರೆಂಟ್ ಇರುತ್ತದೆ. ಅದು ಬ್ಯಾಟರಿಯಿಂದ ಬರುವ 230 ವೋಲ್ಟ್. ಯುಪಿಎಸ್ಸನ್ನೂ ಆಫ್ ಮಾಡಿ, ಆಮೇಲೆ ಟೆಸ್ಟರ್ ಹಿಡಿದು ನೋಡಿ.

ಎಲೆಕ್ಟ್ರಿಷಿಯನ್: ಗುರುತಿನವರಾ, ಲೈಸೆನ್ಸ್ ಇರುವವರಾ?

ಹೆಚ್ಚಿನ ಮನೆಗಳಲ್ಲಿ ಪ್ರಶ್ನೆ ಬಂದು ನಿಲ್ಲುವುದು ಇಲ್ಲೇ. ಬಡಾವಣೆಯಲ್ಲಿ ಒಬ್ಬರು ಇರುತ್ತಾರೆ. ಫೋನ್ ಮಾಡಿದರೆ ಸಂಜೆಯೊಳಗೆ ಬರುತ್ತಾರೆ. ಕೆಲವು ನೂರು ರೂಪಾಯಿಯಲ್ಲಿ ಕೆಲಸ ಮುಗಿಸುತ್ತಾರೆ. ಇನ್ನೊಂದು ಕಡೆ ಲೈಸೆನ್ಸ್ ಇರುವ ಕಾಂಟ್ರಾಕ್ಟರ್. ಸ್ವಿಚ್ ಬದಲಾಯಿಸಲು ಅವರು ಬರುವುದಿಲ್ಲ, ಬಂದರೂ ದುಬಾರಿ.

ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಕೋರ್ಸ್ 2 ವರ್ಷದ್ದು. ಅದು ಓದಿನ ಸರ್ಟಿಫಿಕೇಟ್. ವೈರ್‌ಮನ್ ಪರ್ಮಿಟ್, ಸೂಪರ್‌ವೈಸರ್ ಪರ್ಮಿಟ್, ಕಾಂಟ್ರಾಕ್ಟರ್ ಲೈಸೆನ್ಸ್ ಇವು ಬೇರೆ. ಕರ್ನಾಟಕದಲ್ಲಿ ಇವುಗಳನ್ನು ನೋಡಿಕೊಳ್ಳುವುದು ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯ. ಹೊಸ ಮನೆಗೆ ಮೀಟರ್ ಬೇಕೆಂದಾಗ ವೈರಿಂಗ್ ಮುಗಿದಿದೆ, ಪರೀಕ್ಷೆ ಆಗಿದೆ ಎಂದು ಕಾಂಟ್ರಾಕ್ಟರ್ ರಿಪೋರ್ಟ್ ಕೊಡಬೇಕು. ಎಷ್ಟೋ ಕಡೆ ಕೆಲಸ ಮಾಡಿದವರು ಒಬ್ಬರು, ಸಹಿ ಹಾಕಿದವರು ಇನ್ನೊಬ್ಬರು. ಮನೆ ಕಟ್ಟಿಸುತ್ತಿದ್ದರೆ ಆ ರಿಪೋರ್ಟನ್ನು ಬರೀ ಕಾಗದ ಅಂದುಕೊಳ್ಳಬೇಡಿ. ಅದರಲ್ಲಿ ಬರೆದ ಇನ್ಸುಲೇಷನ್ ರೆಸಿಸ್ಟೆನ್ಸ್ (ವೈರಿನ ಹೊದಿಕೆ ಎಷ್ಟು ಗಟ್ಟಿ), ಅರ್ಥ್ ರೆಸಿಸ್ಟೆನ್ಸ್ (ಅರ್ಥಿಂಗ್ ಎಷ್ಟು ಚೆನ್ನಾಗಿದೆ) ಅಂಕಿಗಳನ್ನು ನಿಮ್ಮ ಎದುರೇ ಅಳೆಯಲು ಹೇಳಿ. ಕೇಳುವ ಹಕ್ಕು ನಿಮಗಿದೆ.

ಹಾಗಂತ ಲೈಸೆನ್ಸ್ ಇದ್ದವರೆಲ್ಲ ಜಾಣರು, ಇಲ್ಲದವರೆಲ್ಲ ಕೆಲಸ ಬಾರದವರು ಅಂತಲ್ಲ. ನಾನು ನೋಡುವುದು ಅವರು ಕೇಳುವ ಪ್ರಶ್ನೆಯನ್ನು. ಎಂಸಿಬಿ ಬೀಳುತ್ತಿದೆ ಎಂದಾಗ ಕೆಲಸ ಬಲ್ಲವರು ಮೊದಲು ಕೇಳುವುದು: "ಸ್ವಿಚ್ ಹಾಕಿದ ಕೂಡಲೇ ಬೀಳುತ್ತಾ, ಹತ್ತು ನಿಮಿಷ ಬಿಟ್ಟು ಬೀಳುತ್ತಾ?" ಕೂಡಲೇ ಬಿದ್ದರೆ ಶಾರ್ಟ್ ಇರಬಹುದು. ಸ್ವಲ್ಪ ಹೊತ್ತು ಬಿಟ್ಟು ಬಿದ್ದರೆ ಲೋಡ್ ಜಾಸ್ತಿ, ಅಥವಾ ಎಂಸಿಬಿಯ ತಿರುಪು ಸಡಿಲವಾಗಿ ಬಿಸಿಯಾಗುತ್ತಿದೆ. ಎರಡನೇ ಪ್ರಶ್ನೆ: "ಬಿದ್ದದ್ದು ಎಂಸಿಬಿಯಾ, ಆರ್‌ಸಿಸಿಬಿಯಾ?" ಟೆಸ್ಟ್ ಬಟನ್ ಇರುವ ಅಗಲದ್ದು ಆರ್‌ಸಿಸಿಬಿ. ನಮ್ಮಲ್ಲಿ ಇನ್ನೂ ಇಎಲ್‌ಸಿಬಿ ಅಂತಲೇ ಕರೆಯುತ್ತಾರೆ. ಅದು ಕಾಯುವುದು ವೈರನ್ನಲ್ಲ, ಮನುಷ್ಯರನ್ನು. ಫೇಸಿನಲ್ಲಿ ಹೋದ ಕರೆಂಟ್ ನ್ಯೂಟ್ರಲಿನಲ್ಲಿ ವಾಪಸ್ ಬರದೆ ಬೇರೆ ದಾರಿ ಹಿಡಿದರೆ (ಇದೇ ಲೀಕೇಜ್) ಅದು ಬೀಳುತ್ತದೆ. ಮನೆಗೆ ಹಾಕುವುದು ಸಾಮಾನ್ಯವಾಗಿ 30 ಮಿಲಿ ಆಂಪಿಯರಿನದು.

ಈ ಎರಡು ಪ್ರಶ್ನೆ ಕೇಳದೆ ನೇರವಾಗಿ "ಎಂಸಿಬಿ ತನ್ನಿ" ಅನ್ನುವವರು ಬದಲಾಯಿಸುವವರು, ಪತ್ತೆ ಮಾಡುವವರಲ್ಲ. ಸ್ವಿಚ್ ಕೆಲಸಕ್ಕೆ ಅವರೇ ಸಾಕು. ಪತ್ತೆ ಕೆಲಸಕ್ಕೆ ಸಾಲದು.

ಅವರ ಬ್ಯಾಗಿನಲ್ಲಿ ಏನಿದೆ ಎಂದೂ ನೋಡಿ. ಬರೀ ಟೆಸ್ಟರ್ ಇದ್ದರೆ ಅದು ಫೇಸ್ ಇದೆಯೋ ಇಲ್ಲವೋ ಎಂದಷ್ಟೇ ಹೇಳುತ್ತದೆ. ನ್ಯೂಟ್ರಲ್ ಕಡಿದಿದ್ದರೂ, ಲೂಸ್ ಕಾಂಟ್ಯಾಕ್ಟ್ ಇದ್ದರೂ ಟೆಸ್ಟರ್ ಉರಿಯುತ್ತದೆ. ಪಕ್ಕದ ವೈರಿನ ಪ್ರಭಾವಕ್ಕೆ ಕೆಲವೊಮ್ಮೆ ಸುಮ್ನೆ ಮಿಣಮಿಣ ಅನ್ನುತ್ತದೆ. ಮಲ್ಟಿಮೀಟರ್, ಕ್ಲ್ಯಾಂಪ್ ಮೀಟರ್ ಇದ್ದರೆ ಒಳ್ಳೆಯದು. ಲೀಕೇಜ್ ಹುಡುಕಬೇಕಾದರೆ ಮೆಗ್ಗರ್ ಬೇಕು. 500 ವೋಲ್ಟ್ ಕೊಟ್ಟು ವೈರಿನ ಇನ್ಸುಲೇಷನ್ ಎಷ್ಟು ಗಟ್ಟಿ ಎಂದು ಅಳೆಯುವ ಯಂತ್ರ ಅದು. 1 ಮೆಗಾಓಮಿಗಿಂತ ಕಡಿಮೆ ಬಂದರೆ ಆ ಲೈನಿನಲ್ಲಿ ಏನೋ ಇದೆ. ಬಡಾವಣೆಯ ಎಲ್ಲರ ಹತ್ತಿರವೂ ಮೆಗ್ಗರ್ ಇರುವುದಿಲ್ಲ. ಇರುವವರನ್ನು ಹುಡುಕಿಕೊಂಡು ಹೋಗುವುದಕ್ಕೆ ಖರ್ಚು ಮಾಡಿದ ದುಡ್ಡು ದಂಡವಲ್ಲ.

ಮೂರು ಮಾತು ಯಾರ ಬಾಯಿಂದ ಬಂದರೂ ಅಲ್ಲಿಗೇ ನಿಲ್ಲಿಸಿ. "ದೊಡ್ಡ ಎಂಸಿಬಿ ಹಾಕೋಣ" ಒಂದು. "ಇಎಲ್‌ಸಿಬಿ ಸುಮ್ನೆ ಬೀಳ್ತಾ ಇರುತ್ತೆ, ಬೈಪಾಸ್ ಮಾಡಿಬಿಡೋಣ" ಇನ್ನೊಂದು. ಎರಡನೆಯದರ ಹಿಂದೆ ಒಂದು ನಿಜವಾದ ಕಷ್ಟವಿದೆ. ಹಳೆಯ ಮನೆಗಳಲ್ಲಿ ಯುಪಿಎಸ್ ಲೈನಿನ ನ್ಯೂಟ್ರಲ್ಲೂ ಮಾಮೂಲು ಲೈನಿನ ನ್ಯೂಟ್ರಲ್ಲೂ ಎಲ್ಲೋ ಒಂದು ಬೋರ್ಡಿನಲ್ಲಿ ಸೇರಿಕೊಂಡಿರುತ್ತವೆ. ಆಗ ಲೀಕೇಜ್ ಇಲ್ಲದಿದ್ದರೂ ಆರ್‌ಸಿಸಿಬಿ ಬೀಳುತ್ತದೆ. ಒಂದೊಂದು ಬೋರ್ಡ್ ಬಿಚ್ಚಿ ಅವನ್ನು ಬೇರೆ ಮಾಡುವುದು ಅರ್ಧ ದಿನದ ಬೇಜಾರಿನ ಕೆಲಸ. ಬೈಪಾಸ್ ಐದು ನಿಮಿಷದ್ದು. ಅರ್ಧ ದಿನದ ಕೂಲಿ ಕೊಡುತ್ತೇನೆ ಎಂದು ನೀವೇ ಹೇಳಿ.

ಮೂರನೆಯ ಮಾತು "ಅರ್ಥ್ ಇಲ್ಲದಿದ್ರೆ ನ್ಯೂಟ್ರಲ್‌ನಿಂದಲೇ ಲೂಪ್ ಕೊಡೋಣ" ಅನ್ನುವುದು. ಇದು ಮೂರರಲ್ಲಿ ಕೆಟ್ಟದ್ದು. ಮುಂದೆ ಎಂದಾದರೂ ನ್ಯೂಟ್ರಲ್ ಕಡಿದರೆ ಫ್ರಿಜ್ಜಿನ, ವಾಷಿಂಗ್ ಮೆಷಿನ್ನಿನ ಮೈಗೆಲ್ಲ ಫೇಸ್ ಬಂದು ಕೂರುತ್ತದೆ.

ಯೂಟ್ಯೂಬ್, ವಾಟ್ಸಾಪ್, ವಿದೇಶದಲ್ಲಿರುವ ಮಗ

ಯೂಟ್ಯೂಬ್ ಕೆಟ್ಟದ್ದಲ್ಲ. ಆರ್‌ಸಿಸಿಬಿ ಹೇಗೆ ಕೆಲಸ ಮಾಡುತ್ತದೆ, ಎರಡು ಸ್ವಿಚ್ಚಿನಿಂದ ಒಂದು ಲೈಟು ಉರಿಸುವುದು ಹೇಗೆ, ಇಂಥದ್ದನ್ನು ಕನ್ನಡದಲ್ಲೇ ಚೆನ್ನಾಗಿ ವಿವರಿಸುವವರು ಇದ್ದಾರೆ. ಎಲೆಕ್ಟ್ರಿಷಿಯನ್ ಬರುವ ಮೊದಲು ಒಂದು ನೋಡಿಕೊಂಡರೆ ಅವರ ಮಾತು ಅರ್ಥವಾಗುತ್ತದೆ. ಅಷ್ಟಕ್ಕೆ ಅದು ಬಹಳ ಒಳ್ಳೆಯದು.

ತೊಂದರೆ ಬರುವುದು ಬೇರೆ ದೇಶದ ವಿಡಿಯೊಗಳಿಂದ. ನಮ್ಮ ಮನೆಗಳಲ್ಲಿ ರೂಢಿಯಂತೆ ಕೆಂಪು, ಹಳದಿ, ನೀಲಿ ಇವು ಫೇಸ್. ಕಪ್ಪು ನ್ಯೂಟ್ರಲ್. ಹಸಿರು ಅರ್ಥ್. ಅಮೆರಿಕದಲ್ಲಿ ಕಪ್ಪೇ ಫೇಸ್, ಬಿಳಿ ನ್ಯೂಟ್ರಲ್. ಬ್ರಿಟನ್ನಿನ ಈಗಿನ ಪದ್ಧತಿಯಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್. ಅಂದರೆ ಅಲ್ಲಿಯ ವಿಡಿಯೊ ನೋಡಿ ನೀಲಿ ವೈರ್ ಮುಟ್ಟಿದರೆ ಇಲ್ಲಿ ಅದು ಮೂರನೆಯ ಫೇಸ್ ಆಗಿರಬಹುದು. ಇನ್ನೂ ಗೊಂದಲ ಏನೆಂದರೆ, ಇಲ್ಲೇ ಕೊಂಡ ಮಿಕ್ಸಿ, ಐರನ್ ಬಾಕ್ಸಿನ ವೈರಿನಲ್ಲಿ ಕಂದು, ನೀಲಿ, ಹಸಿರು-ಹಳದಿ ಪದ್ಧತಿಯೇ ಇರುತ್ತದೆ. ಗೋಡೆಯ ನೀಲಿ ಒಂದು, ಮಿಕ್ಸಿಯ ನೀಲಿ ಇನ್ನೊಂದು. ಸಾಲದ್ದಕ್ಕೆ ಹಳೆಯ ಮನೆಗಳಲ್ಲಿ ಅಂದು ಕೈಗೆ ಸಿಕ್ಕ ಬಣ್ಣವನ್ನೇ ಎಳೆದಿರುತ್ತಾರೆ. ಬಣ್ಣವನ್ನು ನಂಬಬೇಡಿ, ಪ್ರತಿ ಸಲ ಪರೀಕ್ಷಿಸಿ.

ಡಲ್ಲಾಸಿನಲ್ಲೋ ನ್ಯೂಜೆರ್ಸಿಯಲ್ಲೋ ಇರುವ ಮಗ ವಿಡಿಯೊ ಕಾಲ್‌ನಲ್ಲಿ ಅಪ್ಪನಿಗೆ ಸಾಕೆಟ್ ಬಿಚ್ಚಿಸುವುದುಂಟು. ಅಲ್ಲಿ ಪ್ಲಗ್ ಪಾಯಿಂಟಿನಲ್ಲಿ ಬರುವುದು 120 ವೋಲ್ಟ್, ಇಲ್ಲಿ 230. ಮಗ ಅಲ್ಲಿ ತನ್ನ ಮನೆಯ ರಿಪೇರಿ ತಾನೇ ಮಾಡಿಕೊಂಡಿರಬಹುದು, ಅದು ಬೇರೆ ಮಾತು. ಅವನಿಂದ ಆಗುವ ಒಳ್ಳೆಯ ಸಹಾಯ ಎಂದರೆ ಒಳ್ಳೆಯ ಎಲೆಕ್ಟ್ರಿಷಿಯನ್ನಿಗೆ ದುಡ್ಡು ಕಳಿಸುವುದು.

ಫೋಟೊ ಕಳಿಸಿ ಗ್ರೂಪಿನಲ್ಲಿ ಕೇಳುವುದು, ಎಐ ಚಾಟ್‌ನಲ್ಲಿ ಕೇಳುವುದು ಈಗ ಸಾಮಾನ್ಯ. ಇದರ ಹೆಸರೇನು, ಈ ಅಂಕಿಯ ಅರ್ಥವೇನು ಎಂಬ ಪ್ರಶ್ನೆಗೆ ಉಪಯೋಗವಾಗುತ್ತದೆ. ಕಪ್ಪಾದ ಸಾಕೆಟ್ಟಿನ ಫೋಟೊ ನೋಡಿ ಕಾದಿದೆ ಎನ್ನಬಹುದು. ಗೋಡೆಯೊಳಗಿನ ವೈರ್ ಎಷ್ಟು ಕಾದಿದೆ ಎನ್ನಲಾಗದು.

ಅಂಗಡಿಯವರು

ಸಾಮಾನಿನ ವಿಷಯದಲ್ಲಿ ಅಂಗಡಿಯವರಷ್ಟು ಬಲ್ಲವರಿಲ್ಲ. ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಅಂಗಡಿಗಳಲ್ಲಿ ಹಳೆಯ ಮಾದರಿಯ ಸ್ವಿಚ್ ಹಿಡಿದು ಹೋದರೆ ಯಾವ ಪ್ಲೇಟಿಗೆ ಯಾವುದು ಕೂರುತ್ತದೆ ಎಂದು ಕೈಯಲ್ಲಿ ಹಿಡಿದ ಕೂಡಲೇ ಹೇಳುತ್ತಾರೆ. ಯಾವ ಕಂಪನಿಯ ಸಾಕೆಟ್ ಬೇಗ ಸಡಿಲವಾಗಿ ವಾಪಸ್ ಬರುತ್ತದೆ ಎಂಬುದೂ ಅವರಿಗೆ ಗೊತ್ತು.

ಆದರೆ ಅವರು ನಿಮ್ಮ ಮನೆ ನೋಡಿಲ್ಲ. ಜೊತೆಗೆ ಎಲೆಕ್ಟ್ರಿಷಿಯನ್ ಕರೆತಂದ ಗಿರಾಕಿಯ ಬಿಲ್ಲಿನಲ್ಲಿ ಆ ಎಲೆಕ್ಟ್ರಿಷಿಯನ್ನಿಗೊಂದು ಪಾಲು ಹೋಗುವ ರೂಢಿ ಹಲವು ಕಡೆ ಇದೆ. ತಪ್ಪೇನಲ್ಲ, ಗೊತ್ತಿದ್ದರೆ ಸಾಕು. ವೈರ್ ಕೊಳ್ಳುವಾಗ ಐಎಸ್ 694 ಮತ್ತು ಐಎಸ್‌ಐ ಗುರುತು ನೋಡಿ. ಗುರುತಿನ ಜೊತೆಗಿರುವ ಲೈಸೆನ್ಸ್ ನಂಬರನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಅಸಲಿಯೋ ನಕಲಿಯೋ ತಿಳಿಯುತ್ತದೆ. ಸುರುಳಿಗೆ 90 ಮೀಟರ್ ಎಂದಿರುತ್ತದೆ. ಬಿಲ್ ತಪ್ಪದೆ ತೆಗೆದುಕೊಳ್ಳಿ.

ಆ್ಯಪ್, ಅಪಾರ್ಟ್‌ಮೆಂಟ್, ಕಂಪನಿ ಸರ್ವಿಸ್

ಆ್ಯಪಿನಲ್ಲಿ ಬರುವವರ ದರ ಮೊದಲೇ ಗೊತ್ತಿರುತ್ತದೆ, ಹೊತ್ತಿಗೆ ಬರುತ್ತಾರೆ. ಫ್ಯಾನ್ ಹಾಕಲು, ಗೀಸರ್ ಕೂರಿಸಲು ಒಳ್ಳೆಯದು. ಪತ್ತೆ ಕೆಲಸಕ್ಕೆ ಅಷ್ಟಕ್ಕಷ್ಟೆ. ಮುಂದಿನ ಮನೆಗೆ ಹೊತ್ತಾಗುತ್ತದೆ ಎಂಬ ಅವಸರ ಅವರಿಗೆ ಇದ್ದೇ ಇರುತ್ತದೆ. ಅಪಾರ್ಟ್‌ಮೆಂಟಿನ ಎಲೆಕ್ಟ್ರಿಷಿಯನ್ನಿಗೆ ಕಟ್ಟಡದ ಪೈಪುಗಳು ಎಲ್ಲಿ ಹೋಗಿವೆ ಎಂಬುದು ಗೊತ್ತು. ಅದೇ ನಮೂನೆಯ ಹತ್ತು ಫ್ಲಾಟಿನಲ್ಲಿ ಅದೇ ತೊಂದರೆ ನೋಡಿರುತ್ತಾರೆ. ಮೊದಲು ಅವರನ್ನೇ ಕೇಳಿ. ಎಸಿ, ವಾಷಿಂಗ್ ಮೆಷಿನ್ನಿನ ಕಂಪನಿಯವರು ಬಂದು "ನಿಮ್ಮ ಅರ್ಥಿಂಗ್ ಸರಿ ಇಲ್ಲ" ಎಂದರೆ ವಾರಂಟಿ ತಪ್ಪಿಸಲು ಹೇಳಿದರು ಎಂದು ತಳ್ಳಿಹಾಕಬೇಡಿ. ಮೀಟರ್ ಹಿಡಿದು ನೋಡಿ ಹೇಳಿದ್ದರೆ ಆ ಅಂಕಿಯನ್ನು ಬರೆದಿಟ್ಟುಕೊಳ್ಳಿ.

ಯಾವ ತೊಂದರೆಗೆ ಯಾರು

ಫ್ರಿಜ್ ಮುಟ್ಟಿದರೆ ಜುಮ್ ಅನ್ನುತ್ತದೆ. ಇದಕ್ಕೆ ಅಳೆಯುವವರೇ ಬೇಕು, ಅದೂ ಇವತ್ತೇ. ಬರುವವರೆಗೆ ಪ್ಲಗ್ ತೆಗೆದಿಡಿ. ರಬ್ಬರ್ ಚಪ್ಪಲಿ ಹಾಕಿಕೊಂಡು ಮುಟ್ಟಿ ಅನ್ನುವ ಸಲಹೆ ಸಲಹೆಯೇ ಅಲ್ಲ.

ಯಾವ ಉಪಕರಣವೂ ಹೊಸದಾಗಿ ಬಂದಿಲ್ಲ, ಯೂನಿಟ್ ಮಾತ್ರ ಏರುತ್ತಿದೆ. ಎಲ್ಲ ಉಪಕರಣದ ಪ್ಲಗ್ ತೆಗೆದು, ಯುಪಿಎಸ್ ಆಫ್ ಮಾಡಿ, ಮೀಟರ್ ನೋಡಿ. ಆಗಲೂ ಓಡುತ್ತಿದ್ದರೆ ಎಲೆಕ್ಟ್ರಿಷಿಯನ್. ಎಂಸಿಬಿ ಎಲ್ಲ ಆಫ್ ಮಾಡಿದರೂ ಓಡುತ್ತಿದ್ದರೆ 1912. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ಬಿಲ್ ಸೊನ್ನೆ. ಹಾಗಾಗಿ ಯೂನಿಟ್ ಕಡೆ ಯಾರೂ ಕಣ್ಣು ಹಾಯಿಸುವುದಿಲ್ಲ. ಸೊನ್ನೆ ಬಿಲ್ಲಿನಲ್ಲೂ ಯೂನಿಟ್ ಅಚ್ಚಾಗಿರುತ್ತದೆ, ನೋಡಿ. ಲೀಕೇಜಿನ ಮೊದಲ ಸುಳಿವು ಕೆಲವೊಮ್ಮೆ ಅದೇ.

ಮಳೆ ಬಂದಾಗ ಮಾತ್ರ ಆರ್‌ಸಿಸಿಬಿ ಬೀಳುತ್ತದೆ. ಕರಾವಳಿ, ಮಲೆನಾಡಿನವರಿಗೆ ಇದು ಹೊಸದೇನಲ್ಲ. ಗೇಟಿನ ಲೈಟು, ಸಂಪಿನ ಮೋಟರು, ತೇವ ಏರಿದ ಗೋಡೆಯ ಬೋರ್ಡು, ಈ ಮೂರನ್ನು ಮೊದಲು ನೋಡಿಸಿ. ಇಲ್ಲಿ ಎಲೆಕ್ಟ್ರಿಷಿಯನ್ ಒಬ್ಬರಿಂದಲೇ ಆಗುವುದಿಲ್ಲ. ನೀರು ಎಲ್ಲಿಂದ ಬರುತ್ತಿದೆ ಎಂದು ಗಾರೆ ಮೇಸ್ತ್ರಿಯೋ ಪ್ಲಂಬರೋ ಹೇಳಬೇಕು. ಟೆರೇಸಿನ ಕೆಳಗೆ, ಮಳೆಗಾಲದಲ್ಲಿ ಮಾತ್ರ ತೇವ ಅಂದರೆ ಮೇಸ್ತ್ರಿ. ಬಚ್ಚಲ ಗೋಡೆಯ ಹಿಂದೆ, ವರ್ಷವಿಡೀ ತೇವ ಅಂದರೆ ಪ್ಲಂಬರ್. ವಾಟರ್‌ಪ್ರೂಫಿಂಗ್ ಕಂಪನಿಯವರ ಉಚಿತ ತಪಾಸಣೆಯನ್ನು ಕೊನೆಗೆ ಇಟ್ಟುಕೊಳ್ಳಿ. ಅವರು ಬಂದರೆ ಇಡೀ ಟೆರೇಸಿಗೆ ಲೆಕ್ಕ ಬರೆದೇ ಹೋಗುತ್ತಾರೆ. ನೀರು ನಿಲ್ಲಿಸದೆ ಬೋರ್ಡ್ ಬದಲಾಯಿಸಿದರೆ ಮುಂದಿನ ಆಷಾಢಕ್ಕೆ ಮತ್ತೆ ಅದೇ ಕಥೆ.

ಎಲೆಕ್ಟ್ರಿಕ್ ಕಾರು, ಸ್ಕೂಟರಿಗೆ ಚಾರ್ಜಿಂಗ್. 3.3 ಕಿಲೋವಾಟ್ ಚಾರ್ಜರ್ 14 ಆಂಪಿಯರಿಗೂ ಸ್ವಲ್ಪ ಜಾಸ್ತಿ ಎಳೆಯುತ್ತದೆ, ಅದೂ ಗಂಟೆಗಟ್ಟಲೆ. ಗೀಸರ್ ಕಾಲು ಗಂಟೆಯಲ್ಲಿ ನಿಲ್ಲುತ್ತದೆ, ಇದು ನಿಲ್ಲುವುದಿಲ್ಲ. ಪಾರ್ಕಿಂಗಿನಲ್ಲಿರುವ ಹಳೆಯ ಪಾಯಿಂಟ್ ಸಾಕು ಎಂದು ಶೋರೂಮಿನ ಸೇಲ್ಸ್‌ನವರು ಹೇಳಿದರೆ ಕೇಳಬೇಡಿ. ಡಿಬಿಯಿಂದ (ಎಂಸಿಬಿಗಳೆಲ್ಲ ಇರುವ ಪೆಟ್ಟಿಗೆಯಿಂದ) ಬೇರೆಯದೇ ಲೈನ್, ಬೇರೆಯದೇ ಎಂಸಿಬಿ, ಆರ್‌ಸಿಸಿಬಿ ಬೇಕಾ ಎಂದು ಲೈಸೆನ್ಸ್ ಇರುವ ಕಾಂಟ್ರಾಕ್ಟರನ್ನು ಕೇಳಿ. ನನ್ನ ಪ್ರಕಾರ ಬೇಕೇ ಬೇಕು.

ಹಳೆಯ ಮನೆ ಕೊಳ್ಳುತ್ತಿದ್ದೀರಿ. ಬಸವನಗುಡಿ, ಮಲ್ಲೇಶ್ವರದಂಥ ಕಡೆ ಮರದ ಪಟ್ಟಿಯ ಮೇಲೆ ಓಡುವ ವೈರಿಂಗ್ ಈಗಲೂ ಕೆಲವು ಮನೆಯಲ್ಲಿ ಕಾಣುತ್ತದೆ. ಆ ಕಾಲದ ರಬ್ಬರ್ ಇನ್ಸುಲೇಷನ್ ಬಗ್ಗಿಸಿದರೆ ಉದುರುತ್ತದೆ. ಇಲ್ಲಿ ಮಾತ್ರ ಒಂದು ಹಠ ಇಟ್ಟುಕೊಳ್ಳಿ. ಅಳೆದು ಹೇಳುವವರು ಬೇರೆ, ಮುಂದೆ ರೀವೈರಿಂಗ್ ಮಾಡುವವರು ಬೇರೆ ಇರಲಿ. ಇಬ್ಬರೂ ಒಬ್ಬರೇ ಆದರೆ "ಎಲ್ಲಾ ಕಿತ್ತು ಹಾಕ್ಬೇಕು" ಅನ್ನುವ ಉತ್ತರ ಮೊದಲೇ ತಯಾರಿರುತ್ತದೆ. ಅಳೆಯುವವರಿಗೆ ಅವರ ಅರ್ಧ ದಿನದ ಫೀಸು ಕೊಟ್ಟು, ಒಂದೊಂದು ಲೈನಿನ ಮೆಗ್ಗರ್ ಅಂಕಿ, ಅರ್ಥ್ ಪಿಟ್ಟಿನ ಓಮ್ ಅಂಕಿ, ಆರ್‌ಸಿಸಿಬಿ ಟೆಸ್ಟಿಗೆ ಬಿತ್ತೋ ಇಲ್ಲವೋ, ಎಲ್ಲಿ ಅಲ್ಯೂಮಿನಿಯಂ ವೈರ್ ಇದೆ, ಇಷ್ಟನ್ನು ಬರೆದು ಸಹಿ ಹಾಕಿಸಿ. ಆ ಹಾಳೆಯ ಜೆರಾಕ್ಸ್ ತೆಗೆದು ಮೂರು ಕಾಂಟ್ರಾಕ್ಟರಿಗೆ ಕೊಟ್ಟು ರೇಟ್ ಕೇಳಿ.